ನೀನಿದ್ದಾಗ ನಿಲ್ಲದ ಕಂಪ್ಯೂಟರ್

ಮುನೇಶ,

ಇದನ್ನು ಕಳಿಸುವುದಿಲ್ಲ, ಆದ್ದರಿಂದ ನಿಜವನ್ನೇ ಬರೆಯಬಹುದು. ನಾವಿಬ್ಬರೂ ಸೇರಿ ಜೋಡಿಸಿದ ಆ ಪುಟಾಣಿ ಗೇಮಿಂಗ್ ಕಂಪ್ಯೂಟರ್ ಆಟದ ನಡುವೆ ಗರಬಡಿದಂತೆ ನಿಂತುಬಿಡುತ್ತಿತ್ತಲ್ಲ, ಅದರ ತನಿಖೆ ಇವತ್ತು ಮುಗಿಯಿತು.

ಮೊದಲು ರ‍್ಯಾಮ್ ಮೇಲೆ ಗುಮಾನಿಪಟ್ಟು ಕಿತ್ತು ಮತ್ತೆ ಹಾಕಿದೆ. ಆಮೇಲೆ ಶಿಡ್ಲಘಟ್ಟದ ಕರೆಂಟನ್ನು ಶಂಕಿಸಿ ಯುಪಿಎಸ್ ತಂದೆ. ಕೊನೆಗೆ ಉಳಿದದ್ದು ನೀನು ಕೊಟ್ಟ ಹಳೆಯ ಗ್ರಾಫಿಕ್ಸ್ ಕಾರ್ಡ್. ನೀನು ಎದುರಿಗಿದ್ದಾಗ ಕಂಪ್ಯೂಟರ್ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಹುಳುಕು ಗೊತ್ತಿದ್ದವನೇ ಅದನ್ನು ಹೇಗೋ ಸಂಭಾಳಿಸಬಲ್ಲ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? "ಗೊತ್ತಿದ್ದೂ ಕೆಟ್ಟ ಕಾರ್ಡ್ ನನಗೆ ದಾಟಿಸ್ದೆ ಕಣೋ" ಎಂದು ಫೋನಿನಲ್ಲಿ ತೀರ್ಪು ಕೊಟ್ಟೆ. ನೀನು ಚಿಂತಾಮಣಿಯಿಂದ ಈ ಕಡೆ ಬರುವುದನ್ನೇ ಬಿಟ್ಟೆ.

ಇವತ್ತು ಸಾದಲಿಯಿಂದ ಅತ್ತೆ ಬಂದರು. ಸ್ವಲ್ಪ ಹೊತ್ತಿಗೆ ಆಟ ನಿಂತಿತು. ಅತ್ತೆಯನ್ನೂ ಆರೋಪಿಗಳ ಸಾಲಿಗೆ ಸೇರಿಸಿ ಮಾನಿಟರ್ ಹಿಂದೆ ಇಣುಕಿದೆ. ದಪ್ಪ ಟವೆಲ್ ಹೊದ್ದುಕೊಂಡು ಕಂಪ್ಯೂಟರಿನ ಪೆಟ್ಟಿಗೆ ಕೂತಿತ್ತು. ಮುಟ್ಟಿದರೆ ಕಾದ ಹೆಂಚು.

"ಯಾರಮ್ಮಾ ಇದನ್ನ ಮುಚ್ಚಿದ್ದು?" ಎಂದು ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೇಳಿದೆ.

"ನಾನೇ. ರೇಷ್ಮೆ ಹುಳದ ಮನೆಗೇ ಹೊರಗಿನೋರ ಕಣ್ಣು ಬೀಳಬಾರ್ದು ಅಂತೀವಿ. ಇಷ್ಟು ಮುದ್ದಾಗಿರೋದನ್ನ ಎಲ್ರಿಗೂ ತೋರಿಸ್ತಾರೇನಪ್ಪ? ನೆಂಟ್ರು ಹೋದ್ಮೇಲೆ ತೆಗೀತೀನಲ್ಲ."

"ಮುನೇಶ ಬಂದಾಗ ಮುಚ್ತಿರಲಿಲ್ವಾ?"

"ಅವ್ನೇನು ಹೊರಗಿನೋನೇನೋ?"

ಟವೆಲ್ ತೆಗೆದ ಮೇಲೆ ಕಂಪ್ಯೂಟರ್ ಸಂಜೆಯವರೆಗೂ ಓಡಿತು. ನಿನ್ನ ಕಾರ್ಡ್‌ಗೆ ಏನೂ ಆಗಿಲ್ಲ. ಆದರೆ ನನಗೀಗ ಎರಡನೇ ಕಂಟ್ರೋಲರ್ ಮೇಲೆ ಅನುಮಾನ ಶುರುವಾಗಿದೆ. ಎಷ್ಟೋ ದಿನದಿಂದ ಅದನ್ನು ಯಾರೂ ಮುಟ್ಟಿಲ್ಲ. ಸರಿಯಿದೆಯೋ ಇಲ್ಲವೋ ಪರೀಕ್ಷಿಸಲು ಎದುರಾಳಿಯೊಬ್ಬ ಪಕ್ಕದಲ್ಲಿ ಕೂರಬೇಕು. ಅಮ್ಮನಿಗೆ ಆಡಲು ಬರುವುದಿಲ್ಲ.