ಏಳನೇ ಕೊಕ್ಕೆಯ ಟವೆಲ್ಲು

ಗುರುವಾರ, ಮಧ್ಯಾಹ್ನ

ನನ್ನ ಪ್ರೀತಿಯ ಸಿಡುಕುಮೋರೆ ಅಕ್ಕನಿಗೆ,

ಅಕ್ಷರ ಕೋಳಿ ಕೆದಕಿದಂತಿದೆ ಎಂದು ಬೈಯಬೇಡ. ಅಂಗೈ ಸುಲಿದಿದೆ, ಯಾಕೆಂದು ಮುಂದೆ ಹೇಳುತ್ತೇನೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ನನಗಿಂತ ಮೊದಲೇ ಬಾಯಿ ಬಿಡುತ್ತದೆ. ಕಾಗದ ಪಾಪ, ಬರೆದಷ್ಟನ್ನೇ ಹೇಳುತ್ತದೆ.

ಅಪ್ಪ ಚೆನ್ನಾಗಿದ್ದಾರೆ. ಧಕ್ಕೆಯಲ್ಲಿ ಯಾರಿಗೂ ಧಕ್ಕೆಯಾಗಿಲ್ಲ. (ನಗು. ನಾನಂತೂ ಸೋಮವಾರದಿಂದ ನಕ್ಕಿಲ್ಲ, ನೀನಾದರೂ ನಗು.)

ನೀನು ನೀರಿಗೆ ಹೆದರಿ ಒಂದು ದಿನವೂ ಧಕ್ಕೆಯ ಕಡೆ ತಲೆ ಹಾಕಿದವಳಲ್ಲ, ಅಲ್ಲಿನ ಕಾನೂನು ನಿನಗೇನು ಗೊತ್ತು? ಕೋಟೆಬಾಗಿಲು ದಾಟಿದರೆ ಧಕ್ಕೆ, ಅಂದರೆ ಹಡಗು ಕಟ್ಟುತ್ತಿದ್ದ ಮುನ್ನೂರು ವರ್ಷದ ಕಲ್ಲುಕಟ್ಟೆ, ಸಮುದ್ರಕ್ಕೆ ನಾಲಿಗೆ ಚಾಚಿದೆ. ಹಡಗುಗಳು ಬರುವ ಕಾಲ ಮುಗಿಯಿತು; ಈಗ ಬೆಳಗಾದರೆ ಹನ್ನೆರಡು ಜನ ಅದರ ತುದಿಯಿಂದ ಧುಮುಕುತ್ತಾರೆ. ದಡ ಬಿಟ್ಟ ದಡ್ಡರು ಎಂದು ನಾನು ಅವರಿಗೆ ಹೆಸರಿಟ್ಟಿದ್ದೇನೆ. ಕೋಟೆಯ ಹೊರಗೋಡೆಯಲ್ಲಿ ಹನ್ನೆರಡು ಕಬ್ಬಿಣದ ಕೊಕ್ಕೆಗಳಿವೆ. ನೀರಿಗಿಳಿಯುವ ಮುಂಚೆ ಅವರವರ ಕೊಕ್ಕೆಗೆ ಟವೆಲ್ಲು ಹಾಕಬೇಕು, ಹತ್ತಿ ಬಂದ ಮೇಲೆ ಅವರೇ ತೆಗೆಯಬೇಕು. ಟವೆಲ್ಲಿದ್ದರೆ ಮನುಷ್ಯ ನೀರಿನಲ್ಲಿದ್ದಾನೆ ಎಂದರ್ಥ. ಮಂಜು ಇಳಿದರೆ ಬಾಗಿಲು ಕಾಯುವ ಬೀಗದ ಮಾಮ ಮೇಲಿನ ಗೂಡು ಹತ್ತಿ, ಕೊನೆಯ ಟವೆಲ್ಲು ಹೋಗುವವರೆಗೂ ಗಂಟೆ ಹೊಡೆಯುತ್ತಾನೆ. ಮಂಜಿನಲ್ಲಿ ದಡ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ ಅಷ್ಟೆ.

ಸೋಮವಾರ ಅಂಥ ಮಂಜು ಇಳಿಯಿತು. ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ಪರೀಕ್ಷಿಸುವ ನನಗೆ ನನ್ನ ಮೂಗೇ ಕಾಣಿಸುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹತ್ತಿ ಬಂದರು. ಏಳನೇ ಕೊಕ್ಕೆ, ಅಂದರೆ ಅಪ್ಪನದು, ಬರಿದಾಗಿತ್ತು. ಮಾಮ ಗಂಟೆ ನಿಲ್ಲಿಸಿ ಚಹಾ ಕುಡಿಯಲು ಹೋದ.

ಅಪ್ಪ ನೀರಿನಲ್ಲೇ ಇದ್ದರು.

ಮನೆಯಲ್ಲಿದ್ದ ನನಗೆ ಯಾಕೋ ಎದೆ ಧಸಕ್ಕೆಂದಿತು. ಅಪ್ಪನ ಕೋಣೆ ಖಾಲಿ, ಚಹಾದ ಲೋಟ ಒಣಗಿಯೇ ಇತ್ತು. ಓಡಿದೆ. ಕೋಟೆಯೊಳಗಿನ ಆ ಇಕ್ಕಟ್ಟು ಬೀದಿ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತಿರಲಿಲ್ಲ. ಧಕ್ಕೆಯ ಮೇಲೆ ನಿಂತು ಅಪ್ಪಾ ಎಂದು ಕೂಗಿದರೆ ಕೂಗು ಹತ್ತಿಯಲ್ಲಿ ಗುದ್ದಿದ ಹಾಗೆ ಅಲ್ಲೇ ಹುದುಗಿಹೋಯಿತು. ಗೂಡು ಹತ್ತಿ ಗಂಟೆಯ ಹಗ್ಗ ಹಿಡಿದೆ. ಹೊಡೆಯುತ್ತಿದ್ದರೆ ಅವರು ಕೂಗಿದರೂ ನನಗೆ ಕೇಳಿಸುವುದಿಲ್ಲ. ಕೇಳೋಣವೆಂದು ನಿಲ್ಲಿಸಿದರೆ ಅವರಿಗೆ ದಿಕ್ಕು ತಪ್ಪುತ್ತದೆ. ನಿಲ್ಲಿಸಲಿಲ್ಲ. ಹಗ್ಗ ಕೆಂಪಗಾಗುವುದನ್ನು ನೋಡುತ್ತಾ ಹೊಡೆದೆ.

ಮಾಮ ಓಡಿ ಬಂದು, ಯಾರಮ್ಮಾ ನೀರಲ್ಲಿರೋದು, ಕೊಕ್ಕೆ ಎಲ್ಲಾ ಖಾಲಿ ಇದೆಯಲ್ಲಾ ಅಂದ. ಅಪ್ಪ ಅಂದೆ. ಅವನ ಮುಖ ಸುಣ್ಣವಾಯಿತು. ಧಕ್ಕೆಯ ತುದಿಗೆ ಓಡಿದ. ಇಪ್ಪತ್ತು ನಿಮಿಷವೋ, ನಲವತ್ತೋ. ಜೀವನವಿಡೀ ಗಡಿಯಾರ ರಿಪೇರಿ ಮಾಡಿದವರ ಮಗಳು ಲೆಕ್ಕ ತಪ್ಪಿದ್ದಳು. ಆಮೇಲೆ ಮಾಮನ ಸಿಳ್ಳೆ ಕೇಳಿಸಿತು.

ಅಪ್ಪ ಕೆಳಗಿನ ಮೆಟ್ಟಿಲು ತಬ್ಬಿಕೊಂಡು ಕೆಮ್ಮುತ್ತಿದ್ದರು. ತುಟಿ ನೀಲಿ. ಓಡಿಹೋಗಿ ಟವೆಲ್ಲು ಹೊದಿಸಿದೆ. ಗಂಟೆ ಯಾಕ್ರೋ ನಿಲ್ಲಿಸಿದ್ರಿ, ಆ ಕಡೆ ಹೊರಟುಬಿಟ್ಟಿದ್ದೆ ನಾನು, ಅಂದರು. ಆ ಕಡೆ ಎಂದರೆ ಯಾವ ಕಡೆ ಎಂದು ಯಾರೂ ಕೇಳಲಿಲ್ಲ.

ಟವೆಲ್ಲು ನನ್ನ ಕಣ್ಣಾರೆ ನೋಡಿದ್ದೆ ಯಜಮಾನ್ರೇ, ಆಮೇಲೆ ಇರಲಿಲ್ಲ, ಅಂತ ಮಾಮ ತಲೆ ಚಚ್ಚಿಕೊಂಡ. ಅಪ್ಪ ನನ್ನನ್ನು ಒಮ್ಮೆ ನೋಡಿದರು. ನೀನು ನೋಡಿದ್ದು ನಿನ್ನೆ ದಿನದ್ದು ಇರ್ಬೇಕು ಕಣಯ್ಯಾ, ಇವತ್ತು ನಾನೇ ಹಾಕೋದು ಮರೆತೆ, ವಯಸ್ಸಾಯ್ತು ನೋಡು, ಅಂದರು.

ಅದೇ ಸುದ್ದಿ ಊರೆಲ್ಲ ಹರಡಿ ನಿನ್ನನ್ನೂ ಮುಟ್ಟಿದೆ. ಅಪ್ಪನಿಗೆ ಮರೆವು ಶುರುವಾಗಿದೆ, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ, ನಮ್ಮೂರಲ್ಲಿ ನೀರು ನಲ್ಲಿಯಲ್ಲಷ್ಟೇ ಬರುತ್ತದೆ ಎಂದು ಬರೆದಿದ್ದೀಯ. ಆಗಲಿ. ಎಳ್ಳಿನಷ್ಟು ಸ್ಕ್ರೂ ಎಲ್ಲಿಟ್ಟೆನೆಂದು ಎಂದೂ ಮರೆಯದ ಮನುಷ್ಯ ಟವೆಲ್ಲು ಮರೆತರೆಂದರೆ ಹೆದರಬೇಕಾದದ್ದೇ. ಬಟ್ಟೆ ಜೋಡಿಸಿಟ್ಟಿದ್ದೇನೆ. ಜಗಳವಾಡದ ಅಪ್ಪನನ್ನು ಕಂಡರೆ ನನಗೆ ಮಂಜಿಗಿಂತ ಭಯ. ಬೇಗ ಬಾ.

ನಿನ್ನ
ತರಲೆ ತಂಗಿ

ತಾ.ಕ.: ಶುಕ್ರವಾರ, ಬೆಳಗ್ಗೆ. ಅಂಚೆಗೆ ಹಾಕಲು ಹೊರಟವಳು ಹಾಕಲಾರದೆ ಲಕೋಟೆ ಮತ್ತೆ ಒಡೆದೆ. ಅಕ್ಕಾ, ಅಪ್ಪ ಮರೆತಿರಲಿಲ್ಲ. ಟವೆಲ್ಲು ತೆಗೆದವಳು ನಾನು.

ಅಂದು ಮನೆಗೆ ಬೇಕಾದದ್ದು ತರಲು ಹೋದವಳು ಧಕ್ಕೆಯ ಕಡೆ ಇಣುಕಿದೆ. ಗೋಡೆಯಲ್ಲಿ ಅದೊಂದೇ ಟವೆಲ್ಲು, ಕೆಳಗೆ ಅಪ್ಪನ ಚಪ್ಪಲಿ ಇಲ್ಲ. ಟವೆಲ್ಲು ಮರೆತು ಮನೆಗೆ ಹೋಗಿದ್ದಾರೆ, ಪಾಪ ಮಾಮ ಸುಮ್ಮನೆ ತೋಳು ನೋಯಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ತೆಗೆದುಕೊಂಡು ಬಂದೆ. ಬೆನ್ನ ಹಿಂದೆ ಗಂಟೆ ನಿಂತಿತು. ಒಳ್ಳೆಯ ಕೆಲಸ ಮಾಡಿದೆ ಎಂದು ಖುಷಿಪಟ್ಟೆ. ಮನೆಯಲ್ಲಿ ಅದನ್ನು ಒಣಗಿಸಲು ತಂತಿಯ ಮೇಲೆ ಹರವಿದಾಗ ಕೈಗೆ ತಿಳಿಯಿತು: ಅದು ಒಣಗಿಯೇ ಇತ್ತು. ಯಾರೂ ಇನ್ನೂ ಮೈ ಒರೆಸಿಕೊಂಡಿರಲಿಲ್ಲ. ಚಪ್ಪಲಿಯನ್ನು ಹಿಂದಿನ ಸಂಜೆ ಹೊಲಿಸಲು ಕೊಟ್ಟು ಬಂದವಳೂ ನಾನೇ. ಅವರು ಬರಿಗಾಲಲ್ಲಿ ಹೋಗಿದ್ದರು.

ಅವರಿಗೆ ಹೊದಿಸಿದ್ದೂ ಅದೇ ಟವೆಲ್ಲು; ಓಡುವಾಗ ನನ್ನ ಹೆಗಲ ಮೇಲೆಯೇ ಇತ್ತು. ಅಪ್ಪ ಅದರ ಅಂಚು ಮುಟ್ಟಿ ಗುರುತು ಹಿಡಿದ ಮೇಲೇ, ಹಾಕೋದು ಮರೆತೆ ಅಂದರು.

ಇವತ್ತು ಎಲ್ಲವನ್ನೂ ಅಪ್ಪನಿಗೆ, ಮಾಮನ ಎದುರಿಗೇ ಹೇಳಿದೆ. ಭಾನುವಾರ ಬಾ, ನನ್ನನ್ನು ಬೈದು ಹೋಗು. ಅವರನ್ನು ಒಯ್ಯಬೇಡ.

ಇದನ್ನು ಧಕ್ಕೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಪ್ಪ ನೀರಿನಲ್ಲಿದ್ದಾರೆ. ಟವೆಲ್ಲು ಏಳನೇ ಕೊಕ್ಕೆಯಲ್ಲಿದೆ. ನಾನು ಮುಟ್ಟಿಲ್ಲ.