ಬಾಗಿಲಿಗೆ ಅಡ್ಡವಿಟ್ಟ ಪೆಟ್ಟಿಗೆ

ಮೂರನೇ ಮಹಡಿ, ಹಿಂದಿನ ಕೋಣೆ
ಚಳಿಗಾಲದ ರಜೆಯ ಐದನೇ ದಿನ, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೋಟೆಲಿನ ಹಾಸುಬಟ್ಟೆ ಒಗೆದೂ ಒಗೆದೂ ಬಿರುಕುಬಿಟ್ಟಿದ್ದ ನಿನ್ನ ಕೈ ಈಗ ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಹೋದ ವರ್ಷದ ಹಾಗೆ ಡಬ್ಬಿಯನ್ನೇ ಪಕ್ಕದವಳಿಗೆ ಕೊಟ್ಟು ಧಾರಾಳಿ ಎನಿಸಿಕೊಂಡೆಯೋ? ಇಲ್ಲಿ ಮಕ್ಕಳಿಬ್ಬರೂ ಆರೋಗ್ಯವಾಗಿದ್ದಾರೆ. ಗುಬ್ಬಿಯ ಮೂಗು ಸೋರುವುದು ನಿಂತಿದೆ. ನಿನ್ನ ತಂಗಿಯೂ ಗಟ್ಟಿಯಾಗಿದ್ದಾಳೆ. ಆದರೆ ನಿನ್ನೆ ಬೆಳಗ್ಗೆಯಿಂದ ಹೊಸ್ತಿಲು ದಾಟಿಲ್ಲ. ದಾಟಲು ಬಿಟ್ಟಿಲ್ಲ.

ನಿನ್ನ ಕಾಗದ ಮಂಗಳವಾರ ಬಂತು. ಈ ರಜೆಗೂ ಬರಲಾಗುವುದಿಲ್ಲ, ‘ಹಿಮ ಬಿದ್ದು ರಸ್ತೆ ಮುಚ್ಚಿದೆ ಅಂತ ಮಕ್ಕಳಿಗೆ ಹೇಳಿಬಿಡು’ ಎಂದು ಬರೆದಿದ್ದೆ. ಹೇಳಲಿಲ್ಲ ಅಕ್ಕಾ. ನಾನು ಪ್ರೆಸ್ಸಿನಲ್ಲಿ ಬರೀ ಕರಪತ್ರ ಮಡಚುವವಳಿರಬಹುದು, ಆದರೆ ಓದದೆ ಒಂದನ್ನೂ ಮಡಚಿದವಳಲ್ಲ. ಎಂಟು ವರ್ಷದವಳಿಗೆ ಸುಳ್ಳು ಹೇಳುವವರು ನಾಳೆ ಇಡೀ ಊರಿಗೆ ಹೇಳುತ್ತಾರೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮಾಲೀಕರು ಅಮ್ಮನಿಗೆ ರಜೆ ಕೊಟ್ಟಿಲ್ಲ, ಇದು ಅನ್ಯಾಯ, ಅನ್ಯಾಯವಾದಾಗ ಕೆಲಸದವರು ಮುಷ್ಕರ ಹೂಡುತ್ತಾರೆ ಎಂದು ವಿವರಿಸಿದೆ. ಆ ಕೊನೆಯ ಮಾತು ಬೇಕಿರಲಿಲ್ಲ.

ನಿನ್ನೆ ಏಳುವಷ್ಟರಲ್ಲಿ ನಿನ್ನ ತಗಡಿನ ಪೆಟ್ಟಿಗೆ ಬಾಗಿಲಿಗೆ ಅಡ್ಡ ಬಂದಿತ್ತು. ಅದರ ಮೇಲೆ ಕೋಟು, ಷೂ ಹಾಕಿಕೊಂಡು ನಿನ್ನ ದೊಡ್ಡ ಮಗಳು. ಕೆಳಮನೆಯ ದರ್ಜಿತಾತ ಅವಳಿಗೆ ಮೇಷ್ಟ್ರಮ್ಮ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಪಕ್ಕದಲ್ಲಿ ಎಡದ ಷೂ ಬಲಗಾಲಿಗೆ ಹಾಕಿಕೊಂಡ ಗುಬ್ಬಿ. ಮೇಷ್ಟ್ರಮ್ಮ ಸಾರಿದಳು: ‘ಅಮ್ಮ ಬರೋವರೆಗೂ ಈ ಮನೆಯಿಂದ ಯಾರೂ ಹೊರಗೆ ಹೋಗೋ ಹಾಗಿಲ್ಲ ಚಿಕ್ಕಿ, ನೀನೂ ಅಷ್ಟೇ.’ ನಾಲ್ಕು ವರ್ಷದ ಗುಬ್ಬಿ ‘ಅಷ್ಟೇ!’ ಅಂದಳು.

ಮಗುವಿನ ಸಿಟ್ಟನ್ನು ಗೌರವಿಸಿ, ತಿಂಡಿಯ ಆಸೆ ತೋರಿಸಿ ಮರೆಸಬೇಡಿ ಎಂದು ನಾನು ಮಡಚಿದ ಒಂದು ಕರಪತ್ರದಲ್ಲಿತ್ತು. ಗೌರವಿಸಿದೆ. ಮಧ್ಯಾಹ್ನದವರೆಗೆ. ಆಮೇಲೆ ಬಿಸ್ಕತ್ತಿನ ಡಬ್ಬಿ ತೆಗೆದೆ. ಮೇಷ್ಟ್ರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ‘ಇದಕ್ಕೆ ಲಂಚ ಅಂತಾರೆ’ ಅಂದಳು. ಕಲಿಸಿದವಳು ನಾನೇ ತಾನೆ! ಪೆಟ್ಟಿಗೆಯನ್ನು ಅವರಿಬ್ಬರ ಸಮೇತ ಎತ್ತಿ ಪಕ್ಕಕ್ಕಿಡಬಲ್ಲೆ. ಇಟ್ಟರೆ ನಾನೂ ಒಬ್ಬ ಮಾಲೀಕಳೇ. ಹೊರಗೆ ಕಿಟಕಿಯ ಗಾಜಿನ ಅರ್ಧದವರೆಗೆ ಅಂಟಿದ ಹಿಮ. ಒಳಗೆ ಒಗೆದ ಕಾಲುಚೀಲಗಳ ಹಸಿ ವಾಸನೆ. ಸ್ಟವ್‌ನಿಂದ ಗೋಡೆಗೆ ಒಂಬತ್ತು ಹೆಜ್ಜೆ, ಗೋಡೆಯಿಂದ ಸ್ಟವ್‌ಗೆ ಒಂಬತ್ತು ಹೆಜ್ಜೆ. ಇವತ್ತು ಬೆಳಗ್ಗೆ ಕೂಗಿಬಿಟ್ಟೆ: ‘ನಿಮ್ಮಮ್ಮ ಬರಲ್ಲ ಕಣ್ರೇ, ಬರಲ್ಲ!’

ಇಬ್ಬರೂ ಅಳಲಿಲ್ಲ. ಏನು ಮಾಡಲೂ ತೋಚದೆ ನಾನೂ ಕೋಟು, ಷೂ ಹಾಕಿಕೊಂಡು ಅವರ ಪಕ್ಕದಲ್ಲಿ ಪೆಟ್ಟಿಗೆಯ ತುದಿಗೆ ಕೂತೆ. ಬುದ್ಧಿ ಹೇಳಲಿಲ್ಲ. ಕಥೆ ಹೇಳಲಿಲ್ಲ. ಸುಮಾರು ಹೊತ್ತಾದ ಮೇಲೆ ಮೇಷ್ಟ್ರಮ್ಮ ನನ್ನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಮಂಗಳವಾರದಿಂದ ಮೊದಲ ಸಲ. ಎಷ್ಟು ಅತ್ತಳೆಂದರೆ ನನ್ನ ಕೋಟಿನ ಒಳಪದರವೂ ಒದ್ದೆ. ತನ್ನ ಅಕ್ಕನ ತಲೆ ಸವರುತ್ತಾ ಗುಬ್ಬಿ ಕೇಳಿದಳು: ‘ಅಮ್ಮ ಅವರ ಹತ್ರ ರಜೆ ಕೇಳಿದ್ಲಾ?’ ‘ಕೇಳದೆ ಇರ್ತಾಳಾ?’ ಅಂದೆ ತಕ್ಷಣ. ಗುಬ್ಬಿ ತಲೆಯಾಡಿಸಿ ಷೂ ಬಿಚ್ಚಿದಳು. ಈಗ ಇಬ್ಬರೂ ಪೆಟ್ಟಿಗೆಗೆ ಒರಗಿ ನಿದ್ದೆಹೋಗಿದ್ದಾರೆ. ಬಾಗಿಲು ಇನ್ನೂ ತೆರೆದಿಲ್ಲ.

ಅಂಚೆಗೆ ಹೊರಟ ದರ್ಜಿತಾತ ಬಾಗಿಲಾಚೆ ನಿಂತು ಕೆಮ್ಮುತ್ತಿದ್ದಾರೆ. ನಿನ್ನ ಕ್ಷೇಮ ಕೇಳಿದ್ದಾರೆ. ಕಾಗದವನ್ನು ಬಾಗಿಲ ಸಂದಿಯಿಂದಲೇ ಜಾರಿಸಬೇಕು. ಮಕ್ಕಳಿಬ್ಬರ ಮುತ್ತುಗಳನ್ನು ನಾನೇ ಸೇರಿಸಿ ಕಳಿಸುತ್ತಿದ್ದೇನೆ. ಕೈಗೆ ಮುಲಾಮು ಹಚ್ಚಿಕೋ.

ಬಾಗಿಲ ಈಚೆಯಿಂದ,
ನಿನ್ನ ತಂಗಿ

ಮರೆತೆ: ಮಕ್ಕಳು ಮಲಗಿದ ಮೇಲೆ ನಿನ್ನ ಕಾಗದ ಮತ್ತೆ ಓದಿದೆ. ಅದರಲ್ಲಿ ಮಾಲೀಕರ ಸುದ್ದಿಯೇ ಇಲ್ಲ. ಅವರನ್ನು ತಂದು ನಡುವೆ ನಿಲ್ಲಿಸಿದವಳು ನಾನು. ಹೋದ ಸಲ ಬಸ್ ನಿಲ್ದಾಣದಲ್ಲಿ ನೀನು, ನಿನ್ನ ಕೋಟು ಬಿಡದ ಗುಬ್ಬಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ, ‘ಇನ್ನೊಂದು ಸಲ ಇದು ನನ್ನ ಕೈಲಾಗಲ್ಲ ಕಣೇ’ ಅಂದಿದ್ದೆ. ಅಕ್ಕಾ, ನೀನು ರಜೆ ಕೇಳಿದೆಯಾ? ಕೇಳಿದ್ದರೆ ಮಕ್ಕಳಿಗೆ ಬರೆ. ಕೇಳದಿದ್ದರೆ ನನಗೊಬ್ಬಳಿಗೇ ಬರೆ. ಕೇಳಿದ್ದಳು ಅಂತ ಅವರಿಗೆ ನಾನೇ ಹೇಳುತ್ತಿರುತ್ತೇನೆ, ಎಷ್ಟು ಸಲ ಕೇಳಿದರೂ.