ಕಿಟಕಿ ಏರಿಸಿದ ಕಾರು

ಮನೆಯಿಂದ,
ನವೆಂಬರ್ ೧೦, ಸೋಮವಾರ ಮಧ್ಯಾಹ್ನ

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ನದಿಯ ಗಾಳಿಗೆ ಕೆಮ್ಮು ಹೆಚ್ಚಾಗಿದೆಯೋ, ಇಳಿದಿದೆಯೋ? ಸೇತುವೆಯ ಕಂಬಗಳ ವಿಷಯ ಕೇಳಿದರೆ ಗಂಟೆಗಟ್ಟಲೆ ಹೇಳುತ್ತೀರಿ, ಊಟದ ವಿಷಯ ಕೇಳಿದರೆ ‘ಆಗುತ್ತೆ’ ಎನ್ನುತ್ತೀರಿ. ನಾನು ಬಾಯಿ ತೆಗೆಯುವಷ್ಟರಲ್ಲಿ ‘ಆಮೇಲೆ ಮಾತಾಡೋಣ’ ಎಂದು ಫೋನ್ ಇಡುತ್ತೀರಲ್ಲ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಅತ್ತೆಯೂ ಈಗ ಚೆನ್ನಾಗಿದ್ದಾರೆ. ‘ಈಗ’ ಎಂದದ್ದೇಕೆ ಎಂಬುದು ಮುಂದಿದೆ, ಗಾಬರಿಯಾಗದೆ ಓದಿ.

ಮಂಡಿಯ ವ್ಯಾಯಾಮಕ್ಕೆಂದು ಅತ್ತೆಯನ್ನು ವಾರವಾರ ದಿಬ್ಬದ ಕೆಳಗಿನ ಆಸ್ಪತ್ರೆಗೆ ಕರೆದೊಯ್ಯುತ್ತೇನಲ್ಲ, ಬರುವಾಗಲೆಲ್ಲ ಅವರಿಗೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ‘ಈ ಗಾಡೀಲಿ ಕೂತ್ರೆ ನನ್ನ ಜೀವ ಹೋಗುತ್ತೆ’ ಎನ್ನುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಿಮ್ಮ ತಂಗಿ ನಕ್ಕಳು. ಅಮ್ಮನ ನಾಟಕ ನಿನಗೇನು ಹೊಸದೇ ಎಂದಿರಿ ನೀವು. ನನಗೂ ತಲೆ ನೋಯುತ್ತಿತ್ತು. ಅದಕ್ಕೆ ಅತ್ತೆಯೇ ಕಾರಣವೆಂದು ತಿಳಿದಿದ್ದೆ. ಕಾರಿನ ಮುಂದೆ ಎಚ್ಚರಿಕೆಯ ಹಳದಿ ದೀಪ ಹತ್ತಿದಾಗ ನಿಮ್ಮನ್ನೇ ಕೇಳಿದ್ದೆ. ಹಳೇ ಗಾಡಿ, ಅದು ಹಾಗೇ, ಮೇಲೊಂದು ಟೇಪ್ ಅಂಟಿಸು ಎಂದಿರಿ. ಅಂಟಿಸಿದೆ.

ಕಳೆದ ತಿಂಗಳು ಒಂದು ಬೆಳಗ್ಗೆ ಚಳಿ ಎಂದು ಅತ್ತೆ ಕಿಟಕಿ ಏರಿಸಲು ಹೇಳಿದರು. ಹೀಟರನ್ನೂ ಹಾಕಿದೆ. ಆಸ್ಪತ್ರೆಯಿಂದ ಮರಳುವ ಏರುದಾರಿಯ ನಡುವೆ ಲಾರಿಯೊಂದು ಕೆಟ್ಟು ನಿಂತಿತ್ತು. ಹಿಂದೆ ಗಾಡಿ, ಮುಂದೆ ಗಾಡಿ, ಅಲುಗಾಡುವಂತಿಲ್ಲ. ಎಂಜಿನ್ ಓಡುತ್ತಲೇ ಇತ್ತು. ಅತ್ತೆ ಪಕ್ಕದ ಮನೆಯವರ ಕಥೆ ಹೇಳುತ್ತಿದ್ದವರು ನಿಲ್ಲಿಸಿದರು. ಸದ್ಯ, ಒಂದು ಗಳಿಗೆ ನೆಮ್ಮದಿ ಎಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಅವರ ಕತ್ತು ವಾಲಿತ್ತು, ಬಾಯಿ ತೆರೆದಿತ್ತು. ಕೂಗಬೇಕು, ನನಗೆ ನಾಲಿಗೆ ಹೊರಳಲಿಲ್ಲ. ಕೈ ನನ್ನದಲ್ಲವೆನ್ನುವ ಹಾಗೆ ಭಾರ. ಬ್ರೇಕಿನ ಮೇಲಿನ ಕಾಲು ಎಷ್ಟೋ ದೂರದಲ್ಲಿದ್ದಂತೆ ಕಂಡಿತು. ಬಾಗಿಲು ಹೇಗೆ ತೆಗೆದೆನೋ ತಿಳಿಯದು. ಕಾರು ಓರೆಯಾಗಿ ಹಿಂದಕ್ಕೆ ಉರುಳಿ ಪಕ್ಕದ ತಡೆಗೋಡೆಗೆ ತಾಗಿ ನಿಂತಿತಂತೆ. ಹಿಂದಿನ ಗಾಡಿಯ ಗಂಡಹೆಂಡತಿ ನಮ್ಮಿಬ್ಬರನ್ನೂ ಎಳೆದು ರಸ್ತೆಯ ಬದಿಗೆ ಮಲಗಿಸಿದರು. ಹೊಗೆ ರಕ್ತಕ್ಕೆ ಸೇರಿದೆ ಎಂದರು ಡಾಕ್ಟರು. ‘ಇನ್ನು ಸ್ವಲ್ಪ ತಡ ಆಗಿದ್ರೆ ಎಬ್ಬಿಸೋಕಾಗ್ತಿರಲಿಲ್ಲಮ್ಮ’ ಎಂದರು. ಆ ಸಂಜೆ ನಿಮಗೆ ಫೋನ್ ಮಾಡಿದ್ದೆ. ನೀವು ಮೀಟಿಂಗಿನಲ್ಲಿದ್ದಿರಿ.

ಕಾರು ಗ್ಯಾರೇಜು ಸೇರಿತು. ಅಲ್ಲಿಯ ಮೇಸ್ತ್ರಿಗೆ ನಾವಿಟ್ಟ ಹೆಸರು ‘ಆಯ್ತು’. ಏನು ಕೇಳಿದರೂ ಆಯ್ತು ಎನ್ನುತ್ತಾನೆ, ಯಾವುದೂ ಆಗುವುದಿಲ್ಲ. ಎಂಜಿನ್ನಿನ ಎರಡು ಪಕ್ಕಕ್ಕೂ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಬ ಎರಕದ ಕಬ್ಬಿಣದ ಕವಲುಕೊಳವೆಗಳಿವೆ. ಸುಟ್ಟ ಹೊಗೆಯನ್ನೆಲ್ಲ ಕೂಡಿಸಿ ಸೈಲೆನ್ಸರಿಗೆ ಕಳಿಸುವುದು ಅವುಗಳ ಕೆಲಸ. ಎರಡೂ ಬಿರುಕು ಬಿಟ್ಟಿದ್ದವು. ಬಿರುಕಿನ ಸುತ್ತ ಮಸಿ ಹತ್ತಿದ್ದನ್ನು ಟಾರ್ಚ್ ಹಿಡಿದು ತೋರಿಸಿದ. ಅಲ್ಲಿಂದ ಸೋರಿದ ಹೊಗೆ ಹೀಟರಿನ ಗಾಳಿಯ ಜೊತೆ ಒಳಗೆ ಬರುತ್ತಿತ್ತು. ಬಿಚ್ಚಲು ಹೋದರೆ ತುಕ್ಕು ಹಿಡಿದ ಬೋಲ್ಟು ಎಂಜಿನ್ನಿನೊಳಗೇ ಮುರಿದು ಕೂತಿತು. ಕಾಯಿಸಿದ, ಎಣ್ಣೆ ಬಿಟ್ಟ, ಬೈದ. ಅದು ಜಪ್ಪಯ್ಯ ಎಂದರೂ ಬರಲಿಲ್ಲ. ಹೊಗೆಯ ವಿಷ ಕಳೆಯುವ ಡಬ್ಬಿಯೊಂದು ಕೆಳಗಿದೆ, ಅದೂ ಒಳಗೆ ಕರಗಿ ಕಟ್ಟಿಕೊಂಡಿತ್ತು. ‘ಸಾಹೇಬ್ರು ಫೋನಲ್ಲಿ ಹೇಳಿದ್ದಾರೆ, ಡಬ್ಬಿ ಕಿತ್ತು ನೇರ ಪೈಪ್ ಹಾಕು, ದೀಪದ ವೈರ್ ಕತ್ತರಿಸು ಅಂತ’ ಎಂದ. ಮೇಸ್ತ್ರಿಯ ಜೊತೆ ಮಾತಾಡಲು ನಿಮಗೆ ಪುರುಸೊತ್ತಿತ್ತು ಎಂದು ಆಗ ತಿಳಿಯಿತು. ನಾನು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ: ‘ಈ ಗಾಡೀಲಿ ಕೂರೋರು ಸಾಹೇಬ್ರಲ್ಲ, ನಾವು. ಡಬ್ಬಿ ಹೊಸದು ಬರಲಿ, ದೀಪ ತಾನಾಗೇ ಆರಲಿ.’

ಸಾಮಾನು ಬರುವತನಕ ನಾವಿಬ್ಬರೂ ಮನೆಯೊಳಗೇ. ಬಸ್ಸು ದಿಬ್ಬದ ಬುಡದಲ್ಲೇ ನಿಲ್ಲುತ್ತದೆ, ಅಲ್ಲಿಂದ ಮನೆತನಕ ಮೆಟ್ಟಿಲು ಹತ್ತುವುದು ಅತ್ತೆಯ ಮಂಡಿಗೆ ಆಗದು, ಅವರನ್ನು ಬಿಟ್ಟು ನಾನು ಹೋಗುವಂತಿಲ್ಲ. ಮಲಗುವ ಕೋಣೆಯ ಕಿಟಕಿ ತೆಗೆದರೆ ಗೋಡೆ. ಅಡುಗೆಮನೆಯದು ತೆಗೆದರೆ ಪಕ್ಕದವರ ನೀರಿನ ಟ್ಯಾಂಕು. ಉಪ್ಪು ಕಡಿಮೆ ಎಂದು ಅವರು, ಟೀವಿ ಜೋರಾಯಿತು ಎಂದು ನಾನು. ಆಮೇಲೆ ಜಗಳಕ್ಕೂ ಬೇಸರ ಬಂತು. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ, ಅತ್ತೆ ನನ್ನನ್ನೇ ನೋಡುತ್ತಿದ್ದರು. ‘ನನಗಾದ್ರೆ ಮಂಡಿ ನೋವು ಕಣೇ, ನಿನಗೇನಾಗಿದೆ? ನೀನ್ಯಾಕೆ ಇಲ್ಲಿ ಕೂತಿದ್ದೀಯ?’ ಎಂದರು. ಮದುವೆಯಾದಾಗಿನಿಂದ ಯಾರೂ ಕೇಳದ ಪ್ರಶ್ನೆ. ಮಡಚಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಚಿದೆ.

ಕೊನೆಗೆ ಮುರಿದ ಬೋಲ್ಟಿನ ತುದಿಗೆ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸಿ ತೆಗೆದರಂತೆ. ಎರಡೂ ಮ್ಯಾನಿಫೋಲ್ಡು ಹೊಸದು, ಡಬ್ಬಿ ಹೊಸದು. ಹೊಗೆ ತಪಾಸಣೆಯಲ್ಲಿ ಪಾಸಾಯಿತು. ಶುಕ್ರವಾರ ಮೇಸ್ತ್ರಿ ಕಾರು ತಂದಾಗ ಅತ್ತೆ ಹತ್ತಲೊಲ್ಲರು. ಅವನನ್ನೇ ಹಿಂದೆ ಕೂರಿಸಿ, ಕಿಟಕಿಗಳನ್ನೆಲ್ಲ ಏರಿಸಿ, ಹೀಟರ್ ಹಾಕಿ ದಿಬ್ಬವಿಡೀ ಸುತ್ತಿಸಲು ನನಗೆ ಹೇಳಿದರು. ಆಯ್ತು ಎಂದು ಕೂತ, ಪಾಪ. ಬೆವರಿನಲ್ಲಿ ತೊಯ್ದು ಇಳಿದವನ ಮುಖವನ್ನು ಅತ್ತೆ ಹತ್ತಿರದಿಂದ ನೋಡಿ, ತಲೆನೋವಿದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ಮುಂದಿನ ಸೀಟಿನಲ್ಲಿ ಕೂತರು.

ಸ್ವೆಟರ್ ಹಾಕಿಕೊಳ್ಳಿ, ಹಸಿದುಕೊಂಡು ಮಲಗಬೇಡಿ. ಅತ್ತೆ ಆಶೀರ್ವಾದ ಕಳಿಸಿದ್ದಾರೆ. ಜೊತೆಗೆ ಕಿವಿ ಹಿಂಡಲೂ ಹೇಳಿದ್ದಾರೆ, ಅದನ್ನು ಕಾಗದದಲ್ಲಿ ಕಳಿಸಲಾಗದು.

ಇಂತಿ,
ನಿಮ್ಮವಳು

ತಾ.ಕ.: ಅಂಚೆಯವರು ಬರುವ ಹೊತ್ತಾಯಿತು. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ನಾವು ದಾರಿಯಲ್ಲಿರುತ್ತೇವೆ. ಅತ್ತೆಯ ಬಟ್ಟೆ, ಮಾತ್ರೆ, ಊರುಗೋಲು ಎಲ್ಲ ಡಿಕ್ಕಿಯಲ್ಲಿದೆ. ಅವರು ಮಗನ ಜೊತೆ ಇರುತ್ತಾರಂತೆ, ಇದು ಅವರದೇ ತೀರ್ಮಾನ. ಬೆಳಕಿರುವ ಕೋಣೆ ಅವರಿಗೆ ಬಿಡಿ. ನಾನು ಅಲ್ಲಿ ಉಳಿಯುತ್ತೇನೋ, ಗಾಡಿ ಮುಂದಕ್ಕೆ ಬಿಡುತ್ತೇನೋ, ಇನ್ನೂ ಗೊತ್ತಿಲ್ಲ. ಅದನ್ನು ನೀವು ಎದುರಿಗೆ ಕೂತು ಕೇಳಿದರೆ ಹೇಳುತ್ತೇನೆ.